ಕೆನ್ನೆ ಕೆಂಪಾಗುವ ಗೊಂಬೆ

ಬೀದರಿನಲ್ಲಿ ಮಂಜುಗಡ್ಡೆಯ ಮಳೆ ಬೀಳಲು ಶುರುವಾದ ಮೇಲೆ ಅದು ನಾಲ್ಕನೆಯ ಚಳಿಗಾಲ. ಸಮುದ್ರದಾಚೆ ಎಲ್ಲೋ ಒಂದು ಅಗ್ನಿಪರ್ವತ ಬಾಯಿ ಬಿಟ್ಟು ಆಕಾಶಕ್ಕೆಲ್ಲ ಬೂದಿಯ ಮುಸುಕು ಹೊದಿಸಿದ್ದೇ ತಡ, ಬಿಸಿಲಿಗೆಂದು ಕಟ್ಟಿದ ಈ ಊರಿನ ಮನೆಗಳಲ್ಲಿ ಜನ ಎರಡೆರಡು ಕೌದಿ ಹೊದ್ದು ಕೂರುವಂತಾಯಿತು. ಗಾಳಿಯಾಡಲೆಂದು ಬಿಟ್ಟಿದ್ದ ಜಾಲಂಧ್ರಗಳಿಗೆ ಪ್ಲಾಸ್ಟಿಕ್ ಹಾಳೆ ಬಡಿದರು. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದರು. ತಂತಿಯ ಮೇಲೆ ಮಂಜು ಕಟ್ಟಿ, ಕಂಬ ಮುರಿದು, ಕರೆಂಟು ಹೋದಾಗಲೆಲ್ಲ ಅಗ್ಗಿಷ್ಟಿಗೆಯಲ್ಲಿ ಇದ್ದಿಲು ಹೊತ್ತಿಸಿ ಮಲಗುವ ಕೋಣೆಗೇ ತಂದಿಟ್ಟುಕೊಂಡರು. ಹಾಗೆ ಮಲಗಿದವರಲ್ಲಿ ಕೆಲವರು ಏಳಲೇ ಇಲ್ಲ.

ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಕೂರುವುದಕ್ಕೆ ಒಂದು ಜಾಗವಿರುತ್ತದೆ. ಈ ಅನಿಲ ಬಂದು ಆ ಜಾಗದಲ್ಲಿ ಕೂತುಬಿಡುತ್ತದೆ, ಏಳು ಎಂದರೆ ಏಳುವುದಿಲ್ಲ. ಮೊದಲು ತಲೆನೋವು, ಆಮೇಲೆ ತೂಕಡಿಕೆ, ಆಮೇಲೆ ನಿದ್ದೆ. ಗಾಳಿ ಕಾವಲು ಕೇಂದ್ರದ ಹಿರಿಯ ಎಂಜಿನಿಯರ್ ಮಹಾನಂದಾ ತರಬೇತಿಗೆ ಬಂದವರಿಗೆ ಇದನ್ನು ನೂರು ಸಲವಾದರೂ ಹೇಳಿದ್ದಳು. ಬಂದು ಕೂತುಬಿಡುತ್ತದೆ ಎನ್ನುವಾಗೆಲ್ಲ ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ಮಾತ್ರ ನೆಗೆಣ್ಣಿ ಉಜ್ವಲಾಳ ಮುಖ.

ಉಜ್ವಲಾ ಎಂದರೆ ಮೈದುನ ರೇವಣಪ್ಪನ ಹೆಂಡತಿ. ಜೀವರಸಾಯನ ಓದಿದವಳು, ತಾಯಿಯಿಲ್ಲದ ಹುಡುಗಿ. ಮದುವೆಯಾಗಿ ಮನೆಗೆ ಬಂದಾಗ ಕೆಲಸವಿಲ್ಲದೆ ಕೂತಿದ್ದಳು. ಪಾಪ ಎಂದು ಅವಳನ್ನು ಕೇಂದ್ರಕ್ಕೆ ಸೇರಿಸಿದವಳು ಮಹಾನಂದಾಳೇ. ಈಗ ಅದನ್ನು ನೆನೆದರೆ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು ಅವಳಿಗೆ.

ಯಾಕೆಂದರೆ ಆಗ ಊರು ಕಾಯುತ್ತಿದ್ದದ್ದು ಮಹಾನಂದಾಳ ಪೆಟ್ಟಿಗೆ. ಅಂಗೈಯಗಲದ ಬಿಳಿ ಪೆಟ್ಟಿಗೆ, ಮನೆಮನೆಯ ಗೋಡೆಯ ಮೇಲೆ. ವಿಷದ ಗಾಳಿ ಸೇರಿದರೆ ಕಿವಿ ಹರಿದುಹೋಗುವಂತೆ ಕೂಗುತ್ತಿತ್ತು, ಕೇಂದ್ರದ ನಕ್ಷೆಯಲ್ಲಿ ಆ ಮನೆಯ ದೀಪ ಮಿನುಗುತ್ತಿತ್ತು. ಮಹಾನಂದಾ ರಸ್ತೆಯಲ್ಲಿ ಹೋದರೆ ಜನ ನಿಂತು ಮಾತಾಡಿಸುತ್ತಿದ್ದರು. ಎಲ್ಲ ಸರಿಯಿತ್ತು, ಮೂರನೆಯ ಚಳಿಗಾಲದ ಬಿರುಗಾಳಿ ಬರುವವರೆಗೆ. ನಾಲ್ಕು ದಿನ ಕರೆಂಟು ಇರಲಿಲ್ಲ. ಪೆಟ್ಟಿಗೆಯೊಳಗಿನ ಬ್ಯಾಟರಿ ಆ ಥಂಡಿಗೆ ಎಂಟು ತಾಸಿಗೇ ಕೈ ಚೆಲ್ಲಿತು. ಹಳೆಯ ಊರಿನ ಒಂದು ಓಣಿಯಲ್ಲಿ ನಾಲ್ಕು ಜನ ಒಂದೇ ಕೌದಿಯಡಿ ಸತ್ತಿದ್ದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಪೆಟ್ಟಿಗೆ ಸುಮ್ಮನೆ ನೇತಾಡುತ್ತಿತ್ತು.

ಆ ವಾರ ಮಹಾನಂದಾ ಊಟ ಬಿಟ್ಟಳು. ಅಡುಗೆಮನೆಯ ಮೂಲೆಯಲ್ಲಿ ಕಲೆ ಬಿದ್ದ ಸೀರೆ ಒಗೆಯುತ್ತ, ಯಾರಿಗೂ ಅಲ್ಲ ಎಂಬಂತೆ, "ಕರೆಂಟೇ ಬ್ಯಾಡದ ಏನರ ಒಂದು ಇರ್ಬೇಕಿತ್ತು, ಮನಶ್ಯಾನಂಗ ಉಸಿರಾಡೂದು" ಎಂದಿದ್ದಳು. ಪಕ್ಕದಲ್ಲಿ ಉಜ್ವಲಾ ರೊಟ್ಟಿ ಬಡಿಯುತ್ತಿದ್ದಳು. ಅಷ್ಟೇ ಆದದ್ದು. ಎಂಟು ತಿಂಗಳಿಗೆ ಗೊಂಬೆ ತಯಾರಾಯಿತು.

ಗೊಂಬೆ ನೋಡಲು ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಗೇಣುದ್ದದ ಬಟ್ಟೆಯ ಕೂಸು, ಉಬ್ಬಿದ ಎರಡು ಕೆನ್ನೆ. ಕೆನ್ನೆಯ ಒಳಗೆ, ಗಾಳಿ ಮಾತ್ರ ನುಸುಳುವ ತೆಳುವಾದ ಪೊರೆಯ ಹಿಂದೆ, ಪ್ರಯೋಗಾಲಯದಲ್ಲಿ ಬೆಳೆಸಿದ ರಕ್ತದಂಥ ದ್ರವ. ಸಾಧಾರಣ ದಿನಗಳಲ್ಲಿ ಅದರ ಬಣ್ಣ ನೇರಳೆಗಪ್ಪು. ಮಾನಾಕ್ಸೈಡ್ ಬಂದು ಅದರಲ್ಲಿ ಕೂತರೆ ಕೆನ್ನೆ ದಾಳಿಂಬೆಯ ಹಾಗೆ ಕೆಂಪಗಾಗುತ್ತದೆ, ಒಂದೆರಡು ದಿನ ಬಯಲ ಗಾಳಿಗಿಟ್ಟರೆ ಮತ್ತೆ ಕಪ್ಪಾಗುತ್ತದೆ. ತಂತಿ ಬೇಡ, ಬ್ಯಾಟರಿ ಬೇಡ, ಮೊಳೆಗೆ ಸಿಕ್ಕಿಸಿದರೆ ಆಯಿತು. ಉಜ್ವಲಾ ಹೋದ ಹೋದ ಸಭೆಯಲ್ಲೆಲ್ಲ, "ಇದು ನಮ್ಮ ಅಕ್ಕ ಹೇಳಿದ ಮಾತಿನಿಂದ ಹುಟ್ಟಿದ್ದು" ಎನ್ನುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಬೈದಿದ್ದರೆ ಮಹಾನಂದಾ ತಿರುಗಿಸಿ ಬೈಯಬಹುದಿತ್ತು. ಉಪಕಾರ ಸ್ಮರಿಸುವವಳನ್ನು ಏನು ಮಾಡುವುದು? ಹೊಟ್ಟೆಕಿಚ್ಚಿಗೆ ಒಂದು ನೆಪವಾದರೂ ಸಿಗಬಾರದೇ ಎಂದು ಅವಳು ಒಳಗೊಳಗೇ ಕುದಿದಳು.

ಗೊಂಬೆ ಮನೆಗೆ ಬಂದ ದಿನ ಒಂದು ಸಣ್ಣ ಮಾತಾಯಿತು. ಊರಿಗೆಲ್ಲ ವಿವರಿಸಿ ಹೇಳಿದ ಉಜ್ವಲಾ, ಮನೆಯಲ್ಲಿ ಅಕ್ಕ ಇದ್ದಾರಲ್ಲ ಎಂದು ತನ್ನ ಅತ್ತೆಗೆ ಏನೂ ಹೇಳದೆ ಮೊಳೆಗೆ ಸಿಕ್ಕಿಸಿ ಹೋಗಿದ್ದಳು. ಅತ್ತೆ ನೀಲಗಂಗಮ್ಮ ಗೊಂಬೆಯ ಕಪ್ಪು ಕೆನ್ನೆ ತಟ್ಟಿ ನೋಡಿ, "ಮಹಾನಂದಾ, ಏನ್ ಮಾಡ್ತದವಾ ಇದು?" ಎಂದು ಕೇಳಿದರು.

"ಯಾರದರೆ ಕೆಟ್ಟ ಕಣ್ಣ ಬಿದ್ರ ಕೆಂಪ ಆಗ್ತದಂತ್ರಿ ಅತ್ತಿ. ದೊಡ್ಡ ಸಂಶೋಧನಾ ಮಾಡ್ಯಾಳ ನಿಮ್ಮ ಸಣ್ಣ ಸೊಸಿ" ಎಂದಳು ಮಹಾನಂದಾ, ಮೂಗು ಮುರಿದು.

ಚುಚ್ಚಿ ಆಡಿದ ಮಾತು. ಆಡಿ ಎರಡು ನಿಮಿಷಕ್ಕೆ ಮಹಾನಂದಾ ಮರೆತಳು. ನೀಲಗಂಗಮ್ಮ ಮರೆಯಲಿಲ್ಲ. ಎಪ್ಪತ್ತು ವರ್ಷ ಕಣ್ಣುದೃಷ್ಟಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ ಆ ಹೆಂಗಸಿಗೆ, ವಿಜ್ಞಾನ ಕೊನೆಗೂ ದಾರಿಗೆ ಬಂತು ಎಂದು ಖುಷಿಯೇ ಆಗಿತ್ತು.

ಡಿಸೆಂಬರಿನಲ್ಲಿ ಉಜ್ವಲಾ ಹಡೆದಳು. ಹೆಣ್ಣು ಕೂಸು. ತವರಿನಲ್ಲಿ ಮಾಡುವವರಿಲ್ಲದ್ದರಿಂದ ಬಾಣಂತನ ಇಲ್ಲೇ ಆಯಿತು, ನೀಲಗಂಗಮ್ಮ ಸೆರಗು ಸಿಕ್ಕಿಸಿ ನಿಂತರು. ಅಂಟಿನುಂಡೆ, ಎಣ್ಣೆನೀರು, ಲೋಬಾನದ ಹೊಗೆ, ನಿಂತಲ್ಲಿ ಕೂತಲ್ಲಿ ಉಪಚಾರ. ಹದಿನಾಲ್ಕು ವರ್ಷದ ಹಿಂದೆ ಮಹಾನಂದಾ ತವರಿನಲ್ಲಿ ಮಗಳನ್ನು ಹಡೆದಾಗ ಇದೇ ಅತ್ತೆ ಐದನೆಯ ದಿನ ಬಂದು, ಚಹಾ ಕುಡಿದು, ಒಂದೇ ತಾಸಿಗೆ ಬಸ್ಸು ಹತ್ತಿದ್ದರು. ಆ ಮಗಳು ಈಗ ಕಲಬುರಗಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು, ಆದರೂ ಆ ಚಹಾದ ಕಪ್ಪು ಮಹಾನಂದಾಳ ಎದೆಯಲ್ಲಿ ಇನ್ನೂ ತೊಳೆಯದೆ ಬಿದ್ದಿತ್ತು.

ತೊಟ್ಟಿಲಿಗೆ ಹಾಕುವ ದಿನ ಪತ್ರಿಕೆಯವರು ಬಂದರು. ಕೂಸು ಒಂದು ಕೈಯಲ್ಲಿ, ಗೊಂಬೆ ಒಂದು ಕೈಯಲ್ಲಿ ಹಿಡಿದ ಉಜ್ವಲಾಳ ಫೋಟೋ ತೆಗೆದರು. "ಅಕ್ಕಾ, ನೀವೂ ಬರ್ರಿ" ಎಂದು ಅವಳು ಕರೆದಳು. ಮಹಾನಂದಾ ಕೆಲಸವಿದೆಯೆಂದು ಹೋಳಿಗೆ ತಟ್ಟೆ ಹಾಗೇ ಬಿಟ್ಟು ಎದ್ದು ಹೋದಳು. ನೀಲಗಂಗಮ್ಮ ಅವಳ ಮುಖ ನೋಡಿದರು. ಅವತ್ತು ಸಂಜೆ ಕೂಸು ಹಾಲು ಕುಡಿಯಲಿಲ್ಲ. ಮರುದಿನದಿಂದ, "ಹೊರಗ ತಿರುಗಿ ಬಂದಾಕಿ ನೀ, ಥಂಡಿ ತರ್ತಿ. ಬಾಣಂತಿ ಕ್ವಾಣಿಗಿ ಬರಬ್ಯಾಡ" ಎಂಬ ಕಟ್ಟಳೆಯಾಯಿತು. ಥಂಡಿ ನೆಪ ಎಂಬುದು ಮಹಾನಂದಾಗೆ ತಿಳಿಯದಿರಲಿಲ್ಲ. ಹಟ ಹಿಡಿದು ಒಂದು ಕೆಲಸ ಮಾತ್ರ ಮಾಡಿದಳು. ಆ ಕೋಣೆಯ ಗೋಡೆಯ ಮೇಲಿದ್ದ ತನ್ನ ಬಿಳಿ ಪೆಟ್ಟಿಗೆಯನ್ನು ತೆಗೆಯಲು ಬಿಡಲಿಲ್ಲ. ಗೊಂಬೆ ಬಂದ ಮೇಲೆ ಅದು ಯಾತಕ್ಕೆ ಎಂದು ರೇವಣಪ್ಪ ಕೇಳಿದಾಗ, "ಆ ಗೊಂಬಿ ಕೂಗ್ತದೇನು? ನನ್ನ ಪೆಟ್ಟಿಗಿ ಸುಮ್ಮ ಅದ ಅಂದ್ರ ಮನಿ ಸುರಕ್ಷಿತ ಅದ ಅಂತ ತಿಳೀರಿ" ಎಂದಿದ್ದಳು. ನೀಲಗಂಗಮ್ಮ ಅದನ್ನೂ ಕೇಳಿಸಿಕೊಂಡಿದ್ದರು.

ಜನವರಿಯ ಎರಡನೆಯ ವಾರ ಬಿರುಗಾಳಿ ಬಂತು. ಸೋಮವಾರ ಸಂಜೆ ಕರೆಂಟು ಹೋಯಿತು. ಇಪ್ಪತ್ತೆಂಟು ದಿನದ ಕೂಸಿನ ಕೋಣೆಯ ವಿದ್ಯುತ್ ಹೀಟರು ತಣ್ಣಗಾಯಿತು. ಮಂಗಳವಾರ ಬೆಳಿಗ್ಗೆ ಮಹಾನಂದಾ ಕೇಂದ್ರಕ್ಕೆ ಹೊರಟು ಬೂಟು ಕಟ್ಟಿಕೊಳ್ಳುತ್ತಿದ್ದಾಗ, ನೀಲಗಂಗಮ್ಮ ಹಿತ್ತಲಿನಿಂದ ಅಗ್ಗಿಷ್ಟಿಗೆ ತುಂಬ ಕೆಂಡ ಹಿಡಿದು ಬಾಣಂತಿಯ ಕೋಣೆಗೆ ಹೋದರು. ಹೊರಸಿನ ಕೆಳಗೆ ಕೆಂಡವಿಟ್ಟು ಬಾಣಂತಿಯ ಬೆನ್ನು ಕಾಸುವುದು ಆ ಮನೆಯ ಹಳೆಯ ರೂಢಿ. ಒಳಗೆ ಉಜ್ವಲಾ, "ಅತ್ತಿ, ಕಿಡಕಿ ಒಂದು ಗೇಣು ತೆರದೇ ಇಡ್ರಿ" ಎಂದದ್ದು ಮಹಾನಂದಾಗೆ ಕೇಳಿಸಿತು. ಅವಳು ಮಲಗಿದ ಮೇಲೆ ಅತ್ತೆ ಆ ಕಿಟಕಿ ಮುಚ್ಚದೆ ಬಿಡುವವರಲ್ಲ, ಅದೂ ಮಹಾನಂದಾಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. ಬಾಯಿಗೂ ಬಂತು. ಅವಳ ಗೊಂಬೆ ಇದೆಯಲ್ಲ, ಅದೇ ನೋಡಿಕೊಳ್ಳಲಿ ಎಂದುಕೊಂಡು ಬೂಟಿನ ದಾರ ಬಿಗಿದು ಹೊರಟುಬಿಟ್ಟಳು. ಅವಳ ಗಂಡ ವೈಜನಾಥನೂ ಮೈದುನ ರೇವಣಪ್ಪನೂ ಹಿಂದಿನ ದಿನವೇ ಹುಮನಾಬಾದಿಗೆ ಹೋಗಿ, ರಸ್ತೆ ಮುಚ್ಚಿ, ಅಲ್ಲೇ ಸಿಕ್ಕಿಕೊಂಡಿದ್ದರು.

ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಜನರೇಟರು ಓಡುತ್ತಿತ್ತು. ಗೋಡೆಯ ತುಂಬ ಊರಿನ ನಕ್ಷೆ, ಅದರಲ್ಲಿ ಮಹಾನಂದಾಳ ಪೆಟ್ಟಿಗೆಗಳ ಹಸಿರು ದೀಪ. ರಾತ್ರಿಯಿಂದಲೇ ಓಣಿಗೆ ಓಣಿಯೇ ಕಪ್ಪಾಗುತ್ತ ಬಂದು, ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಮಾತ್ರ ಉಳಿದಿತ್ತು. ಐವತ್ತು ದಾಟಿದ ಆಪರೇಟರ್ ಖದೀರ್, ಕಿವಿಗೆ ಮಫ್ಲರ್ ಸುತ್ತಿಕೊಂಡು, ಆರಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ.

"ಚೌಬಾರದ ಕಡಿ ಎಲ್ಲಾ ಆರ್ಯಾವ್ರಿ ಮೇಡಂ. ನಿಮ್ಮ ಓಣೀದೂ."

"ಹೂಂ."

"ಗೊಂಬಿ ಅವಲ್ರಿ, ಚಿಂತಿಲ್ಲ. ಮುಂಜಾನಿಂದ ಇಪ್ಪತ್ತಾರು ಫೋನ್ ಬಂದಾವ. ಗೊಂಬಿ ಕೆಂಪಾತು, ಬಾಗಲಾ ತೆರದೀವಿ, ಎಲ್ಲರೂ ಚಲೋ ಅದೀವಿ ಅಂತ. ಒಂದೂ ಜೀವ ಹೋಗಿಲ್ರಿ. ನಿಮ್ಮ ನೆಗೆಣ್ಣಿ ಕೈಗಿ ಬಂಗಾರದ ಕಡಗ ಹಾಕ್ಬೇಕ್ರಿ."

ಮಹಾನಂದಾ ಅವನ ಕಡೆ ನೋಡಲಿಲ್ಲ. ಇಪ್ಪತ್ತಾರು ಮನೆ ಉಳಿದವು ಎಂದು ಸಂತೋಷಪಡಬೇಕಾದ ಮನಸ್ಸು, ಒಂದು ಗೊಂಬೆಯಾದರೂ ತಪ್ಪು ತೋರಿಸಬಾರದೇ ಎಂದು ಹಂಬಲಿಸುತ್ತಿತ್ತು. ಒಂದೇ ಒಂದು. ಯಾರೂ ಸಾಯುವುದು ಬೇಡ, ಸುಮ್ಮನೆ ಒಂದು ಕೆನ್ನೆ ಸುಳ್ಳು ಹೇಳಲಿ ಸಾಕು. ಹೀಗೆಲ್ಲ ಅಂದುಕೊಳ್ಳುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದರೇನು, ಹಂಬಲ ಹೋಗಲಿಲ್ಲ.

ಮೂರು ಗಂಟೆಗೆ ಮತ್ತೊಂದು ಫೋನು. ಖದೀರ್ ಊಟಕ್ಕೆ ಕೂತಿದ್ದರಿಂದ ಅವಳೇ ಎತ್ತಿಕೊಂಡಳು. ತುಳಜಮ್ಮ ಎಂಬ ಮುದುಕಿ, ಗವಾನ್ ಚೌಕದ ಹತ್ತಿರದವರು.

"ನಮ್ಮ ಗೊಂಬಿ ಕೆಂಪಾಗ್ಯಾದವಾ. ಮೂರು ಸರ್ತಿ ಮೆಣಸಿನಕಾಯಿ ಇಳಿಸಿ ಕೆಂಡಕ್ಕ ಹಾಕ್ದೆ, ಘಾಟೇ ಬರವಲ್ದು. ಭಾಳ ಕೆಟ್ಟ ಕಣ್ಣು. ಇನ್ನೊಂದೀಟು ಕೆಂಡ ಮಾಡ್ಲೇನು?"

ಮಹಾನಂದಾಗೆ ಮೊದಲು ಅರ್ಥವೇ ಆಗಲಿಲ್ಲ. "ಅಮ್ಮಾ, ಕೆಂಡ ಹೊರಗ ಒಯ್ದು ಚೆಲ್ರಿ, ಬಾಗಲಾ ತೆರೀರಿ. ಕಣ್ಣಂತ ಯಾರು ಹೇಳಿದ್ರು ನಿಮಗ?"

"ನೀಲಗಂಗಮ್ಮ ಹೇಳ್ಯಾಳಲ್ಲ, ಮಠದಾಗ. ಆಕಿ ಸೊಸಿ ದೊಡ್ಡ ಎಂಜಿನಿಯರ್ ಅಂತ, ಆ ಸೊಸೀನೇ ಬಾಯಿಬಿಟ್ಟು ಹೇಳ್ಯಾಳಂತ. ಯಾರದರೆ ಕಣ್ಣ ಬಿದ್ರ ಕೆಂಪಾಗ್ತದಂತ."

ಅದು ತಾನೇ ಚುಚ್ಚಿ ಆಡಿದ ಮಾತೆಂದು ಮಹಾನಂದಾಗೆ ಹೊಳೆಯಿತು. ತುಳಜಮ್ಮನನ್ನು ಹೊರಗೆ ಕರೆತರುವ ಕೆಲಸ ಖದೀರನಿಗೆ ಒಪ್ಪಿಸಿ ಮನೆಗೆ ಫೋನು ಮಾಡಿದಳು. ಹತ್ತಲಿಲ್ಲ. ಬೆಳಗಿನ ಅಗ್ಗಿಷ್ಟಿಗೆ, ಗೇಣಗಲ ತೆರೆದಿದ್ದ ಕಿಟಕಿ, ತನ್ನ ಬೂಟಿನ ದಾರ, ಎಲ್ಲ ಒಟ್ಟಿಗೆ ನೆನಪಾಯಿತು. ಎಂಟು ತಾಸು ಆಗಿಹೋಗಿತ್ತು.

"ಖದೀರಣ್ಣ, ನಮ್ಮ ಮನಿಗಿ ಆಂಬುಲೆನ್ಸ್ ಕಳಿಸು. ಆಕ್ಸಿಜನ್ ಇರ್ಬೇಕು, ಕೂಸಿನ ಮುಖವಾಡನೂ ಇರ್ಬೇಕು" ಎಂದವಳೇ ಓಡಿದಳು.

ಒಂದೂವರೆ ಮೈಲಿ. ರಸ್ತೆಯೆಲ್ಲ ಗಾಜಿನಂತೆ ಜಾರುತ್ತಿತ್ತು. ನಾಲ್ಕು ಸಲ ಬಿದ್ದಳು, ನಾಲ್ಕನೆಯ ಸಲ ಮೊಣಕಾಲು ಒಡೆದು ರಕ್ತ ಬಂತು. ಕೂಸಿನ ರಕ್ತ ದೊಡ್ಡವರ ರಕ್ತಕ್ಕಿಂತ ಆ ಅನಿಲವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಎಂದು ತಾನೇ ಬರೆದ ಕೈಪಿಡಿಯ ಸಾಲು ತಲೆಯಲ್ಲಿ ಸುತ್ತುತ್ತಿತ್ತು.

ಮನೆ ಹೊಕ್ಕು ಬಾಣಂತಿಯ ಕೋಣೆಗೆ ಬಂದರೆ ಬಾಗಿಲು ಒಳಗಿಂದ ಅಗಳಿ ಹಾಕಿತ್ತು. ಅಜ್ಜಂದಿರ ಕಾಲದ ಸಾಗವಾನಿ ಬಾಗಿಲು, ಆನೆ ಬಂದು ಗುದ್ದಿದರೂ ಜಗ್ಗದಂಥದು. ಸಂದಿಗೆ ಕೌದಿ ತುರುಕಿದ್ದರು.

"ಅತ್ತಿ, ಬಾಗಲಾ ತೆಗೀರಿ."

"ಯಾರು?" ನೀಲಗಂಗಮ್ಮನ ನಾಲಿಗೆ ದಪ್ಪಗಾಗಿತ್ತು.

"ನಾ, ಮಹಾನಂದಾ. ಉಜ್ವಲಾ ಏನ್ ಮಾಡ್ಲತ್ತಾಳ?"

"ಮಲಗ್ಯಾಳ. ಮಲಗಿದ ಬಾಣಂತಿನ್ನ ಎಬ್ಬಸಬಾರ್ದು. ಕೂಸೂ ಮಲಗ್ಯಾದ. ಮುಂಜಾನಿಂದ ಹಟಾ ಮಾಡಿಲ್ಲ ನನ ಬಂಗಾರ." ಅವರು ಸ್ವಲ್ಪ ತಡೆದು ಉಸಿರೆಳೆದರು. "ನಂದೇ ತಲಿ ಸಿಡೀಲತ್ತದ. ಗೊಂಬಿ ಕೆಂಪಾಗ್ಯಾದ, ಹಂಗ ನೋಡಿದ್ದೇ ಇಲ್ಲ ನಾ. ಮೆಣಸಿನಕಾಯಿ ಹಾಕೇ ಹಾಕ್ಲತ್ತೀನಿ."

"ಅದು ಕಣ್ಣಲ್ರಿ ಅತ್ತಿ, ವಿಷದ ಗಾಳಿ. ಕೆಂಡದಿಂದ ಬರ್ಲತ್ತದ. ತೆಗೀರಿ."

"ನಿನ್ನ ಪೆಟ್ಟಿಗಿ ಇಲ್ಲೇ ಗ್ವಾಡಿ ಮ್ಯಾಲ ಅದ. ಸುಮ್ಮ ಅದ. ಅದು ಸುಮ್ಮ ಇದ್ರ ಮನಿ ಸುರಕ್ಷಿತ ಅಂತ ನೀನೇ ಹೇಳಿದ್ದಿ."

ಮಹಾನಂದಾ ಬಾಗಿಲಿಗೆ ಹಣೆ ಒತ್ತಿದಳು. "ನನ್ನ ಪೆಟ್ಟಿಗಿ ಸತ್ತದ್ರಿ. ಕರೆಂಟಿಲ್ಲಂದ್ರ ಅದು ಯಾತಕ್ಕೂ ಬರಂಗಿಲ್ಲ. ಗೊಂಬಿ ಹೇಳೂದೇ ಖರೆ."

"ಗೊಂಬಿ ಖರೆ ಹೇಳ್ತದಂತ ನನಗೂ ಗೊತ್ತದ" ಎಂದರು ನೀಲಗಂಗಮ್ಮ. "ಯಾರ ಕಣ್ಣಂತನೂ ಗೊತ್ತದ. ಅದಕ್ಕೇ ಅಗಳಿ ಹಾಕೀನಿ. ನೀ ಹೊರಗೇ ಇರು."

ಮಹಾನಂದಾ ಬಾಗಿಲು ಬಡಿದು ಮತ್ತೆ ಮತ್ತೆ ಕೂಗಿದಳು. ಕೆಂಡಕ್ಕೆ ಉಪ್ಪು ಬಿದ್ದು ಚಟಪಟ ಸಿಡಿಯುವ ಸದ್ದು ಮಾತ್ರ ಕೇಳಿಸಿತು. ಹೊರಗೆ ಓಡಿ ಕಿಟಕಿ ನೋಡಿದಳು. ಕಬ್ಬಿಣದ ಸರಳು, ಅದರ ಹಿಂದೆ ಬಿಗಿಯಾಗಿ ಮುಚ್ಚಿದ ಹಲಗೆ. ಕಲ್ಲಿನಿಂದ ಗುದ್ದಿದಳು, ಹಲಗೆ ಅಲುಗಲಿಲ್ಲ. ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ, ಆ ಗಾಳಿಯಲ್ಲಿ ಅವಳ ಕೂಗು ಯಾರಿಗೂ ಮುಟ್ಟಲಿಲ್ಲ. ಮತ್ತೆ ಬಾಗಿಲಿಗೆ ಬಂದಳು. ಇಪ್ಪತ್ತು ವರ್ಷ ಓದಿದ್ದು, ಕಲಿಸಿದ್ದು ಯಾವುದೂ ಈ ಅಗಳಿಯನ್ನು ಒಂದು ಬೆರಳಿನಷ್ಟು ಸರಿಸುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಒಳಗಿರುವ ಹೆಂಗಸು ನಂಬುವುದು ಒಂದೇ ಮಾತನ್ನು. ಆ ಮಾತು ಕಲಿಸಿದವಳು ತಾನೇ.

"ಹೌದ್ರಿ ಅತ್ತಿ" ಎಂದಳು. "ನನ್ನ ಕಣ್ಣೇ ಬಿದ್ದದ."

ಉಪ್ಪಿನ ಸದ್ದು ನಿಂತಿತು. "ಏನಂದಿ?"

"ಉಜ್ವಲಾನ ಮ್ಯಾಲ ನನ್ನ ಕಣ್ಣ ಬಿದ್ದದ ಅಂದೆ. ಇವತ್ತಲ್ಲ, ಗೊಂಬಿ ಬಂದಾಗಿಂದ." ಬಾಗಿಲು ತೆಗೆಸಲಿಕ್ಕೆಂದು ಶುರು ಮಾಡಿದ ಮಾತು. ಆದರೆ ಶುರುವಾದ ಮೇಲೆ ಅದು ಅವಳ ಕೈಯಲ್ಲಿ ಉಳಿಯಲಿಲ್ಲ. "ಆಕಿ ಫೋಟೋ ಬಂದ ಪೇಪರ್ ಒಲಿಗಿ ಹಾಕಿ ನೀರು ಕಾಸ್ಕೊಂಡೀನಿ. ಆಕಿ ಅಕ್ಕಾ ಅಂದ್ರ ಮೈಯೆಲ್ಲಾ ಉರೀತದ ನಂಗ. ಆ ಮಾತು ನಂದು, ಗೊಂಬಿ ಆಕೀದಾತು. ನನ್ನ ಪೆಟ್ಟಿಗಿ ಕೆಳಗ ನಾಲ್ಕು ಮಂದಿ ಸತ್ರು, ಆಕಿ ಗೊಂಬಿ ಊರೆಲ್ಲಾ ಉಳಿಸ್ಲತ್ತದ. ಅದನ್ನ ನೋಡಿ ಸಂತೋಷಪಡಬೇಕು ನಾ, ಆಗವಲ್ದು. ನೀವು ಆಕಿ ಬಾಯಾಗ ಅಂಟಿನುಂಡಿ ಇಡೂದು ನೋಡಿ ಬಚ್ಚಲದಾಗ ಹೋಗಿ ಅತ್ತೀನಿ. ನನ್ನ ಬಾಣಂತನಕ್ಕ ನೀವು ಒಂದು ತಾಸು ಬಂದು ಚಾ ಕುಡದು ಹೋದ್ರಿ. ಹದಿನಾಲ್ಕು ವರ್ಷ ಆತು, ಮರ್ತಿಲ್ಲ ನಾ. ಇವತ್ತ ಮುಂಜಾನಿ ನೀವು ಕೆಂಡ ಒಯ್ಯೂದು ನೋಡ್ದೆ. ಬ್ಯಾಡ ಅನ್ನೂದು ಬಾಯಿಗಿ ಬಂತು. ಅನ್ಲಿಲ್ಲ. ಆಕಿ ಗೊಂಬೀನೇ ನೋಡ್ಕೊಳ್ಳಲಿ ಅಂತ ಬಿಟ್ಟು ಹೋದೆ. ಇದಕ್ಕಿಂತ ಕೆಟ್ಟ ಕಣ್ಣು ಎಲ್ಲಿ ಸಿಗ್ತದ್ರಿ ನಿಮಗ?"

ಒಳಗೆ ಏನೋ ಎಳೆದಾಡಿದ ಸದ್ದು. ನೀಲಗಂಗಮ್ಮ ಬಾಗಿಲ ಹತ್ತಿರ ಬಂದಿದ್ದರು, ಏದುಸಿರು ಕೇಳಿಸುತ್ತಿತ್ತು.

"ನನಗ ಗೊತ್ತಿತ್ತು" ಎಂದರು ಮೆಲ್ಲಗೆ.

"ಹಾಕಿದಾಕಿ ನಾ, ಅದಕ್ಕ ತೆಗ್ಯಾಕಿನೂ ನಾನೇ. ಒಳಗ ತೆಗದ್ರ ಅದು ಒಳಗೇ ಉಳೀತದ. ಬಯಲಾಗ ತೆಗೀಬೇಕು. ಮೂರೂ ಮಂದಿ ಅಂಗಳಕ್ಕ ಬರ್ರಿ."

"ಕೂಸಿಗಿ ಥಂಡಿ ಹತ್ತತದಲ್ಲ."

"ನನ್ನ ಕಣ್ಣಿಗಿಂತ ಥಂಡಿ ಏನ್ ಮಾಡ್ತದ್ರಿ?"

ಅಗಳಿ ಅರ್ಧ ಸರಿಯಿತು. ಮತ್ತೆ ನಿಂತಿತು. ಆಮೇಲೆ ಬಾಗಿಲಿಗೆ ಮೈ ತಾಗಿ ಜಾರಿ ಕುಸಿದ ಸದ್ದಾಯಿತು. ಮಹಾನಂದಾ ಭುಜ ಕೊಟ್ಟು ದಬ್ಬಿದಳು. ಉಳಿದರ್ಧ ಅಗಳಿ ಕಿತ್ತು ಬಂದು, ಅಡ್ಡ ಬಿದ್ದಿದ್ದ ಅತ್ತೆಯನ್ನು ಪಕ್ಕಕ್ಕೆ ಸರಿಸಿಕೊಂಡೇ ಬಾಗಿಲು ತೆರೆಯಿತು.

ಕೋಣೆ ಬೆಚ್ಚಗಿತ್ತು, ಮೆಣಸಿನಕಾಯಿಯ ಘಾಟನ್ನೂ ಮುಚ್ಚುವ ಲೋಬಾನದ ಘಮ, ಎಲ್ಲ ಎಷ್ಟು ಚೆನ್ನಾಗಿದೆ ಎನ್ನಿಸುವ ಹಾಗಿತ್ತು. ಮೊಳೆಯ ಮೇಲೆ ಗೊಂಬೆಯ ಕೆನ್ನೆ ದಾಳಿಂಬೆಯಾಗಿತ್ತು. ಹೊರಸಿನ ಮೇಲೆ ಉಜ್ವಲಾ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮುಖದ ತುಂಬ ಅದೇ ಕೆಂಪು. ಮಹಾನಂದಾ ಉಸಿರು ಹಿಡಿದು ಮೊದಲು ಕೂಸನ್ನು ಎತ್ತಿ ಅಂಗಳಕ್ಕೆ ಓಡಿ, ಗಾಳಿ ಬಡಿಯದ ಮೂಲೆಯಲ್ಲಿ ತನ್ನ ಕೋಟು ಸುತ್ತಿ ಮಲಗಿಸಿದಳು. ಆಮೇಲೆ ಉಜ್ವಲಾಳನ್ನು ಕೌದಿಯ ಸಮೇತ ಎಳೆದಳು. ಆಮೇಲೆ ಅತ್ತೆಯನ್ನು. ಒಡೆದ ಮೊಣಕಾಲಿನ ನೋವು ಅವಳಿಗೆ ಗೊತ್ತಾದದ್ದೇ ಮರುದಿನ.

ಕೂಸು ಅಳಲಿಲ್ಲ. ತುಟಿ ಕೆಂಪಗಿತ್ತು, ಎದೆ ಎಲ್ಲೋ ಒಮ್ಮೆ ಏಳುತ್ತಿತ್ತು. ಮಹಾನಂದಾ ಅದರ ಮೂಗು ಬಾಯಿ ಎರಡನ್ನೂ ತನ್ನ ಬಾಯಿಂದ ಮುಚ್ಚಿ ಸಣ್ಣ ಸಣ್ಣ ಉಸಿರು ಊದಿದಳು. ಅಷ್ಟರಲ್ಲಿ ಥಂಡಿ ಗಾಳಿ ಬಡಿದು ನೀಲಗಂಗಮ್ಮ ಕಣ್ಣು ಬಿಟ್ಟರು. ಎದ್ದು ಕೂರಲಾಗದೆ, ಮಲಗಿದಲ್ಲಿಂದಲೇ ಸೆರಗಿನ ಗಂಟು ಬಿ‌ಚ್ಚಿ, ಉಪ್ಪು ಮೆಣಸಿನಕಾಯಿ ಹಿಡಿದ ಕೈ ಚಾಚಿದರು.

"ತೆಗಿ" ಎಂದರು. "ತೆಗೀತೀನಿ ಅಂದಿದ್ದಿ."

ಊದುವುದನ್ನು ಬಿಡದೆ ಮಹಾನಂದಾ ಒಂದು ಕೈಯಲ್ಲಿ ಅದನ್ನು ತೆಗೆದುಕೊಂಡು, ಕೂಸಿಗೆ ಮೂರು ಸುತ್ತು, ಉಜ್ವಲಾಗೆ ಮೂರು ಸುತ್ತು ನಿವಾಳಿಸಿ ಅಂಗಳದ ಮಂಜಿನಲ್ಲಿ ಎಸೆದಳು.

"ಬೆಂಕ್ಯಾಗ ಹಾಕ್ಬೇಕು."

"ಇನ್ನ ಬೆಂಕಿ ಸಾಕ್ರಿ ಅತ್ತಿ."

ಆಂಬುಲೆನ್ಸ್ ಓಣಿಯ ತಿರುವಿನಲ್ಲಿ ಜಾರುತ್ತ ಬರುವ ಹೊತ್ತಿಗೆ ಕೂಸು ಒಮ್ಮೆ ಕೆಮ್ಮಿತು, ಕೈ ಬಿಗಿಹಿಡಿಯಿತು, ಆಮೇಲೆ ಓಣಿಗೆಲ್ಲ ಕೇಳುವಂತೆ ಕಿರುಚಿತು. ಮಹಾನಂದಾ ಕಟ್ಟಿಸಿದ ಯಾವ ಪೆಟ್ಟಿಗೆಯೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಮೂರು ದಿನ ಆಕ್ಸಿಜನ್ ಕೊಟ್ಟ ಮೇಲೆ ಮೂವರೂ ಉಳಿದರು. ಎರಡನೆಯ ದಿನ ಆಸ್ಪತ್ರೆಯಲ್ಲಿ ಉಜ್ವಲಾ ಮುಖವಾಡ ಸರಿಸಿ ಕೇಳಿದಳು. "ಅತ್ತಿ ಹೇಳಿದ್ರು. ನೀವು ಅಂದಿದ್ದು ಬಾಗಲಾ ತೆಗಸ್ಲಿಕ್ಕಷ್ಟೇ ಹೌದಲ್ರಿ?"

ಹೌದು ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. "ಬಾಗಲಾ ತೆಗಸ್ಲಿಕ್ಕೂ ಹೌದು" ಎಂದಳು ಮಹಾನಂದಾ. "ಖರೆನೂ ಹೌದು."

ಉಜ್ವಲಾ ಮುಖವಾಡ ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು. ಅವತ್ತಿನಿಂದ ಅಕ್ಕಾ ಎನ್ನುವುದನ್ನು ಬಿಟ್ಟಳು. ಮಾತಾಡುತ್ತಿದ್ದಳು, ಆದರೆ ಕರೆಯುತ್ತಿರಲಿಲ್ಲ. ಕೇಳಿದರೆ ಮೈ ಉರಿಯುತ್ತಿದ್ದ ಆ ಶಬ್ದ ಈಗ ಕಿವಿಗೆ ಬೀಳದೆ ಮಹಾನಂದಾಗೆ ಊಟ ಸೇರಲಿಲ್ಲ.

ನೀಲಗಂಗಮ್ಮ ಮಠದಲ್ಲಿ, ಅಂಗಡಿಯಲ್ಲಿ, ನೀರಿನ ನಲ್ಲಿಯ ಹತ್ತಿರ ಎಲ್ಲ ಕಡೆ ಹೇಳಿದರು. ದೊಡ್ಡ ಸೊಸೆಯ ಕಣ್ಣು ಬಿದ್ದು ಗೊಂಬೆ ಕೆಂಪಾಯಿತು, ಅವಳೇ ಬಯಲಿಗೆ ತಂದು ತೆಗೆದಳು, ಒಳಗೆ ತೆಗೆದರೆ ಅದು ಹೋಗುವುದಿಲ್ಲವಂತೆ. ಕೇಂದ್ರದವರು ಇದನ್ನು ಅಲ್ಲಗಳೆದು ಕರಪತ್ರ ಹಂಚಬೇಕೆಂದು ಹೊರಟರು. ಮಹಾನಂದಾ ತಡೆದಳು. ಕರಪತ್ರ ಓದಿ ಬಾಗಿಲು ತೆರೆಯುವವರು ಹೇಗೂ ತೆರೆಯುತ್ತಾರೆ, ಓದದವರಿಗೆ ಏನು ಮಾಡುತ್ತೀರಿ ಎಂದು ಕೇಳಿದಳು. ಮುಂದಿನ ಬಿರುಗಾಳಿಗೆ ಮುಂಚೆ ಊರಿನ ಎಲ್ಲ ಫೋನಿಗೂ ಅವಳ ದನಿ ಹೋಯಿತು. "ಗೊಂಬಿ ಕೆಂಪಾದ್ರ ಅದು ಕೆಂಡದಿಂದ ಹುಟ್ಟೂ ವಿಷದ ಗಾಳಿ. ಕೆಂಡ ಹೊರಗ ಚೆಲ್ರಿ, ಬಾಗಲಾ ಕಿಡಕಿ ತೆರೀರಿ, ಕೂಸು ಮುದುಕ್ರನ್ನೆಲ್ಲ ಅಂಗಳಕ್ಕ ಕರಕೊಂಡು ಬಂದು ನಮಗ ಫೋನ್ ಮಾಡ್ರಿ. ಅದು ಕಣ್ಣೇ ಅನ್ನೋರು ನನ್ನ ಕಣ್ಣೇ ಅಂತ ತಿಳೀರಿ, ನನ್ನ ಬೈರಿ. ಆದ್ರ ಅಂಗಳದಾಗ ನಿಂತು ಬೈರಿ."

ಆ ಚಳಿಗಾಲ ಬೀದರಿನಲ್ಲಿ ಕೆಂಡದ ಗಾಳಿಗೆ ಯಾರೂ ಸಾಯಲಿಲ್ಲ. ಮಹಾನಂದಾ ಬಂದಳೆಂದರೆ ತಾಯಂದಿರು ಕೂಸಿನ ಮುಖಕ್ಕೆ ಸೆರಗು ಮುಚ್ಚುವುದು ಮಾತ್ರ ರೂಢಿಯಾಯಿತು. ಉಜ್ವಲಾಗೆ ದೆಹಲಿಯಲ್ಲಿ ದೊಡ್ಡ ಪ್ರಶಸ್ತಿ ಬಂತು. ಟಿವಿಯಲ್ಲಿ ಅದನ್ನು ನೋಡುವಾಗ ಮಹಾನಂದಾಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಬೇಕು. ಕಡಿಮೆಯಾಗಿರಬಹುದು, ಹೋಗಿರಲಿಲ್ಲ.

ಬೇಸಿಗೆ ಎಂದು ಕರೆಯುವ ಮೋಡದ ದಿನಗಳು ಬಂದಾಗ ಒಂದು ಮಧ್ಯಾಹ್ನ, ಕೂಸು ಹಟ ಮಾಡುವುದು ಕೇಳಿ ಮಹಾನಂದಾ ಆ ಕೋಣೆಯ ತನಕ ಬಂದಳು. ಬಾಗಿಲು ತೆರೆದೇ ಇತ್ತು, ಕಿತ್ತುಹೋದ ಅಗಳಿಯನ್ನು ಯಾರೂ ಮತ್ತೆ ಹಾಕಿಸಿರಲಿಲ್ಲ. ಹೊಸ್ತಿಲಲ್ಲಿ ನಿಂತು ಅವಳು ಮೊದಲು ಗೋಡೆಯ ಕಡೆ ನೋಡಿದಳು. ಇಪ್ಪತ್ತು ವರ್ಷ ವಿಜ್ಞಾನ ಓದಿದ ಹೆಂಗಸು, ಗೊಂಬೆಯ ಕೆನ್ನೆಗೂ ತನ್ನ ಹೊಟ್ಟೆಕಿಚ್ಚಿಗೂ ಸಂಬಂಧವಿಲ್ಲವೆಂದು ಬಲ್ಲವಳು, ಆದರೂ ಒಳಗೆ ಕಾಲಿಡದೆ ದಿನಾ ಹೀಗೆ ನೋಡಿ ಹಿಂದಿರುಗುತ್ತಿದ್ದಳು. ಕೂಸನ್ನು ಭುಜಕ್ಕೆ ಹಾಕಿಕೊಂಡಿದ್ದ ಉಜ್ವಲಾ ಇದನ್ನು ಎಷ್ಟು ದಿನದಿಂದ ಗಮನಿಸಿದ್ದಳೋ ಏನೋ. ತಾನೂ ಗೊಂಬೆಯ ಕಡೆ ಒಮ್ಮೆ ತಿರುಗಿ ನೋಡಿದಳು.

"ಕಪ್ಪಗೇ ಅದ" ಎಂದಳು. "ಬರ್ರಿ ಅಕ್ಕಾ, ಒಳಗ."